ಲಿವರಿಗೆ ಸ್ಕ್ಯಾನ್, ಥೈರಾಯ್ಡಿಗೆ ಸೊನ್ನೆ

ಮಾನ್ಯರೇ,

ಭಾನುವಾರದ ಉಚಿತ ತಪಾಸಣಾ ಶಿಬಿರ ‘ಯಶಸ್ವಿ’ ಎಂಬ ವರದಿ ಓದಿದೆ. ಫೋಟೊದಲ್ಲಿ ಬ್ಯಾನರ್ ಚೆನ್ನಾಗಿ ಬಂದಿದೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಕರೆಸಿದವರು ಉದ್ಘಾಟನೆಯ ಭಾಷಣ ಮುಗಿಯುವ ತನಕ ರಕ್ತ ತೆಗೆಯಲಿಲ್ಲ. ಕುರ್ಚಿ ಇದ್ದದ್ದು ವೇದಿಕೆಯ ಮೇಲೆ ಮಾತ್ರ. ಇಷ್ಟಾಗಿ ಮಧ್ಯಾಹ್ನ ಕೈಗೆ ಸಿಕ್ಕಿದ್ದು ‘ಫ್ಯಾಟಿ ಲಿವರ್, ಗ್ರೇಡ್ 1’ (ಲಿವರಿನಲ್ಲಿ ತುಸು ಕೊಬ್ಬು) ಎಂಬ ಚೀಟಿ, ಜತೆಗೆ ‘ತೂಕ ಇಳಿಸಿ’ ಎಂಬ ಪುಕ್ಕಟೆ ಉಪದೇಶ. ಟಿಎಸ್‌ಎಚ್ (ಗಂಟಲಿನ ಥೈರಾಯ್ಡ್ ಗ್ರಂಥಿಯ ಕೆಲಸ ತಿಳಿಸುವ ರಕ್ತಪರೀಕ್ಷೆ) ಮಾಡುವುದಿಲ್ಲವೇ ಎಂದವರಿಗೆ ಸಿಕ್ಕ ಉತ್ತರ, ‘ಗಂಟಲಿಗೂ ಲಿವರಿಗೂ ಏನ್ರೀ ಸಂಬಂಧ?’

ಇದೆ ಸ್ವಾಮಿ. ಥೈರಾಯ್ಡಿನ ಟಿ3 ಹಾರ್ಮೋನು ಲಿವರ್ ಕೋಶದ ಬೀಟಾ ಗ್ರಾಹಕಕ್ಕೆ ಅಂಟಿದಾಗ ಅಲ್ಲಿನ ಕೊಬ್ಬು ಉರಿಯುತ್ತದೆ, ರಕ್ತದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟೆರಾಲ್ ಒಳಗೆ ಸೆಳೆಯಲ್ಪಡುತ್ತದೆ. ಹಾರ್ಮೋನು ಕಡಿಮೆಯಾದರೆ ಎರಡೂ ಕುಂಟುತ್ತವೆ. ಕೊಲೆಸ್ಟೆರಾಲ್ ಏರುತ್ತದೆ, ಕೊಬ್ಬು ಲಿವರಿನಲ್ಲೇ ಬೀಡುಬಿಡುತ್ತದೆ. ಉರಿಯೂತದಿಂದ ನಾರುಗಟ್ಟಿದ ಲಿವರಿಗೆಂದು ಇದೇ ಗ್ರಾಹಕಕ್ಕೆ ಗುರಿಯಿಟ್ಟ ರೆಸ್ಮೆಟಿರೋಮ್ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಮಾರ್ಚ್‌ನಲ್ಲೇ ಒಪ್ಪಿಗೆ ಕೊಟ್ಟಿದೆ. ಸುದ್ದಿ ಇನ್ನೂ ನಮ್ಮ ಸಾಹೇಬರ ಮೇಜಿಗೆ ಬಂದಿಲ್ಲವೇನೋ.

ಹಾಗೆಂದು ಫ್ಯಾಟಿ ಲಿವರಿನವರೆಲ್ಲ ಥೈರಾಯ್ಡ್ ಮಾತ್ರೆ ನುಂಗಬಾರದು. ಗ್ರಂಥಿ ಸರಿಯಿದ್ದವರಿಗೆ ಅದು ಎದೆಬಡಿತ ಕೆಡಿಸುತ್ತದೆ, ಮೂಳೆ ಸವೆಸುತ್ತದೆ. ಟಿಎಸ್‌ಎಚ್ ಏರಿದ್ದರೆ (ಥೈರಾಯ್ಡ್ ಕುಗ್ಗಿದ ಸೂಚನೆ) ಥೈರಾಯ್ಡಿನ ಇನ್ನೊಂದು ಹಾರ್ಮೋನಾದ ಫ್ರೀ ಟಿ4 ನೋಡಬೇಕು. ಅದು ಸರಿಯಿದ್ದರೆ ಎರಡು–ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಪರೀಕ್ಷಿಸಬೇಕು. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುವವರು ಎರಡು ದಿನ ಮೊದಲೇ ನಿಲ್ಲಿಸದಿದ್ದರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ಬರುತ್ತದೆ.

ರಕ್ತದಲ್ಲಿ ಎಎಸ್‌ಟಿ ಎಂಬ ಕಿಣ್ವ ಏರಿದವರಿಗೆಲ್ಲ ಲಿವರ್ ಹೋಯಿತು ಎಂದು ಹೆದರಿಸಿದ್ದೂ ಆಯಿತು. ಥೈರಾಯ್ಡ್ ಕುಗ್ಗಿದಾಗ ಸ್ನಾಯುವಿನಿಂದಲೂ ಎಎಸ್‌ಟಿ ಸೋರುತ್ತದೆ, ಸ್ನಾಯುವಿನ ಕಿಣ್ವ ಅಳೆಯುವ ಸಿಕೆ ಪರೀಕ್ಷೆ ಮಾಡಿದರೆ ತಿಳಿಯುತ್ತದೆ. ವಯಸ್ಸು, ಎಎಸ್‌ಟಿ, ಎಎಲ್‌ಟಿ (ಇನ್ನೊಂದು ಲಿವರ್ ಕಿಣ್ವ), ಪ್ಲೇಟ್‌ಲೆಟ್ ನಾಲ್ಕೂ ಅದೇ ಚೀಟಿಯಲ್ಲಿದ್ದವು. ಲಿವರ್ ಎಷ್ಟು ನಾರುಗಟ್ಟಿದೆ ಎಂದು ಅಂದಾಜಿಸುವ ಫಿಬ್-4 ಅಂಕ ಲೆಕ್ಕ ಹಾಕಲು ಇನ್ನೇನೂ ಬೇಡ. ಅಂಕ 1.3ಕ್ಕಿಂತ ಕೆಳಗಿದ್ದರೆ (65 ದಾಟಿದವರಿಗೆ 2) ಲಿವರ್ ಹೆಚ್ಚು ನಾರುಗಟ್ಟಿರುವ ಸಾಧ್ಯತೆ ಕಡಿಮೆ ಎಂದು ಧೈರ್ಯ ಹೇಳಿ ಕಳಿಸಬಹುದಿತ್ತು. ಮೊಬೈಲಿನಲ್ಲಿ ಅರ್ಧ ನಿಮಿಷದ ಕೆಲಸ. ಆದರೆ ಮೊಬೈಲುಗಳೆಲ್ಲ ಸೆಲ್ಫಿಯಲ್ಲಿದ್ದವು.

ಹಿಂದಿನ ಶಿಬಿರದಲ್ಲಿ ಬಿಪಿ ಯಂತ್ರಕ್ಕೆ ಬ್ಯಾಟರಿ ಇರಲಿಲ್ಲ. ಅದಕ್ಕೂ ಮೊದಲು ಬಂದ ಹಾರ್ಮೋನು ಪರೀಕ್ಷಾ ಯಂತ್ರ ಇನ್ನೂ ಪ್ಲಾಸ್ಟಿಕ್ ಹೊದ್ದು ಮಲಗಿದೆ. ಮನವಿ ಕೊಡಲು ಹೋದರೆ ಅಧಿಕಾರಿಗಳು ಯಾವಾಗಲೂ ಮೀಟಿಂಗಿನಲ್ಲಿ. ಮುಂದಿನ ಸಲ ಟಿಎಸ್‌ಎಚ್ ಸೇರಿಸಲಿ, ಆಗದಿದ್ದರೆ ಶಿಬಿರವನ್ನೇ ಕೈಬಿಡಲಿ, ಕೊನೇಪಕ್ಷ ನಾಲ್ಕು ಕುರ್ಚಿಯನ್ನಾದರೂ ಹಾಕಿಸಲಿ. ಸಂಬಂಧಪಟ್ಟವರು ಎಂಬುವರು ಯಾರಾದರೂ ಇದ್ದರೆ ಸ್ವಲ್ಪ ನಾಚಿಕೆಪಟ್ಟುಕೊಳ್ಳಲಿ.

– ಪ್ರಯೋಗಾಲಯ ತಂತ್ರಜ್ಞರೊಬ್ಬರು