ಭಾನುವಾರದ ಚರ್ಚೆ: ಸೇನೆ ಸೇರಿದ ಟೆಕ್ ಮಂದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ವಿಡಿಯೊ ಕಾಲ್‌ನಲ್ಲಿ ಸೇರೋಣ.

2025ರ ಜೂನ್‌ನಲ್ಲಿ ಅಮೆರಿಕದ ಸೇನೆ ತನ್ನ ಮೀಸಲು ಪಡೆಗೆ ನಾಲ್ವರು ಟೆಕ್ ಮಂದಿಯನ್ನು ಸೇರಿಸಿಕೊಂಡಿತು. ಅವರಲ್ಲಿ ಮೆಟಾ, ಪಲಾಂಟಿರ್ (ಮಾಹಿತಿ ವಿಶ್ಲೇಷಣೆಯ ಸಾಫ್ಟ್‌ವೇರ್ ಕಂಪನಿ), ಓಪನ್‌ಎಐ (ಚಾಟ್‌ಜಿಪಿಟಿ ಕಂಪನಿ) ಅಧಿಕಾರಿಗಳಿದ್ದರು. ಸೇನೆಗೆ ತಂತ್ರಜ್ಞಾನದ ಸಲಹೆ ಕೊಡುವ ಈ ತಂಡದ ಹೆಸರು ಡಿಟ್ಯಾಚ್‌ಮೆಂಟ್ 201. ನೇರವಾಗಿ ಲೆಫ್ಟಿನೆಂಟ್ ಕರ್ನಲ್! ಸೈನಿಕರು ವರ್ಷಗಟ್ಟಲೆ ದುಡಿದು ಪಡೆಯುವ ಹುದ್ದೆ ಅದು. ಕಂಪನಿ ಕೆಲಸವನ್ನೂ ಬಿಡಬೇಕಿಲ್ಲ.

ಸೇನೆಗೆ ಸಾಫ್ಟ್‌ವೇರ್ ಮಾರುವ ಕಂಪನಿಯವರೇ ಅದಕ್ಕೆ ಸಲಹೆ ಕೊಟ್ಟರೆ ಹೇಗೆ? ನಮ್ಮ ಮಾಹಿತಿ ಯಾರ ಕೈಗೆ? ಸುಮ್ನೆ ದೂರದ ಸುದ್ದಿ ಅಂದುಕೊಳ್ಳಬೇಡಿ, ವಾಟ್ಸಾಪ್ ಕೂಡ ಮೆಟಾದ್ದೇ ಅಲ್ವಾ?

ಬರುವವರು ಶುಕ್ರವಾರ ರಾತ್ರಿಯೊಳಗೆ ಒಂದು ಪ್ರಶ್ನೆಯ ಜೊತೆ ಇಲ್ಲೇ ತಿಳಿಸಿ. ಲಿಂಕ್ ಶನಿವಾರ ಹಾಕುತ್ತೇನೆ. ಮಾತಾಡದಿದ್ದಾಗ ಮೈಕ್ ಆಫ್ ಮಾಡಿ, ಕಳೆದ ಸಲದ ಕುಕ್ಕರ್ ಸೀಟಿ ಸಾಕು!