ನೋಟಿಸು ಅಂಗಡಿಯವರ ಕೈಗೆ ಬರುವುದಿಲ್ಲ

ಅಮೆರಿಕದ ಇಲಿನಾಯ್ ರಾಜ್ಯದ ಉಪನಗರಗಳಲ್ಲಿ ಇರುವ ನಮಗೆಲ್ಲ ಇಂಥ ಒಂದಾದರೂ ರಸ್ತೆ ಗೊತ್ತು. ನಾಲ್ಕು ಲೇನು, ಎರಡೂ ಕಡೆ ಸ್ಟ್ರಿಪ್ ಮಾಲುಗಳು (ಒಂದೇ ಸಾಲಿನಲ್ಲಿ ಅಂಟಿಕೊಂಡ ಅಂಗಡಿಗಳು), ಕಟ್ಟಡಕ್ಕಿಂತ ದೊಡ್ಡದಾದ ಪಾರ್ಕಿಂಗ್ ಜಾಗ. ಮಧ್ಯದ ದೊಡ್ಡ ಅಂಗಡಿ ಬಾಗಿಲು ಹಾಕಿ ವರ್ಷಗಳಾಗಿವೆ. ಪಕ್ಕದ ಚಿಕ್ಕ ಮಳಿಗೆಗಳಲ್ಲಿ ಮಾತ್ರ ದೀಪ ಇರುತ್ತದೆ: ದಿನಸಿ, ಕ್ಷೌರ, ಡ್ಯಾನ್ಸ್ ಕ್ಲಾಸು, ಟ್ಯಾಕ್ಸ್ ಫೈಲ್ ಮಾಡಿಕೊಡುವವರು. ಬಾಡಿಗೆ ಕಡಿಮೆ ಎಂದೇ ಈ ದೇಶಕ್ಕೆ ಹೊಸದಾಗಿ ಬಂದವರು ಅಲ್ಲಿ ಅಂಗಡಿ ಇಡುತ್ತಾರೆ. ಅವರಲ್ಲಿ ನಮ್ಮವರೂ ಇದ್ದಾರೆ.

ಇಂಥ ರಸ್ತೆಯನ್ನು ಎತ್ತಿ ನಿಲ್ಲಿಸಲು ಊರಿನ ಆಡಳಿತಗಳು ಮತ್ತೆ ಮತ್ತೆ ಹಿಡಿಯುವ ದಾರಿ ಟಿಫ್, ಅಂದರೆ ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್. ಇದು ಹೊಸದಲ್ಲ. ಕ್ಯಾಲಿಫೋರ್ನಿಯಾದಲ್ಲಿ 1952ರಲ್ಲಿ ಶುರುವಾಯಿತು. ನಮ್ಮ ರಾಜ್ಯದ ಕಾನೂನು 1977ರದ್ದು. ಹೆಸರು ಕೇಳಿದರೆ ತಲೆನೋವು ಬರುತ್ತದೆ, ಆದರೆ ಲೆಕ್ಕ ಸುಲಭ.

ರಸ್ತೆಯ ಒಂದು ಭಾಗಕ್ಕೆ ಗಡಿ ಹಾಕುತ್ತಾರೆ. ಅದರೊಳಗಿನ ಆಸ್ತಿಗಳ ಮೇಲೆ ತೆರಿಗೆ ಹಾಕುವ ಬೆಲೆ ಈಗ 10 ಮಿಲಿಯನ್ ಡಾಲರ್ ಅಂದುಕೊಳ್ಳಿ. ಈ ತೆರಿಗೆಯಲ್ಲಿ ಪಾಲು ಪಡೆಯುವ ಶಾಲೆ, ಪಾರ್ಕು, ಲೈಬ್ರರಿಗಳ ಮಟ್ಟಿಗೆ ಆ ಬೆಲೆ ಅಲ್ಲೇ ನಿಂತುಬಿಡುತ್ತದೆ; ಅವುಗಳಿಗೆ ಮುಂದೆಯೂ ಸಿಗುವುದು ಅಷ್ಟರ ಮೇಲಿನ ತೆರಿಗೆ ಮಾತ್ರ. ಹತ್ತು ವರ್ಷದಲ್ಲಿ ಬೆಲೆ 16 ಮಿಲಿಯನ್ ಆದರೆ, ಹೆಚ್ಚಾದ 6 ಮಿಲಿಯನ್ ಮೇಲಿನ ತೆರಿಗೆ ಅಷ್ಟೂ ಒಂದು ಪ್ರತ್ಯೇಕ ನಿಧಿಗೆ ಹೋಗುತ್ತದೆ. ಆ ನಿಧಿಯಿಂದ ಚರಂಡಿ, ಫುಟ್‌ಪಾತು, ಹಳೆ ಕಟ್ಟಡಗಳ ರಿಪೇರಿ. ಅವಧಿ ಸಾಮಾನ್ಯವಾಗಿ 23 ವರ್ಷ. ರಾಜ್ಯದ ಶಾಸನಸಭೆ ಒಪ್ಪಿದರೆ 35.

ಎಲ್ಲ ವಾದವೂ ನಿಂತಿರುವುದು ಒಂದೇ ಮಾತಿನ ಮೇಲೆ: ಟಿಫ್ ಇಲ್ಲದಿದ್ದರೆ ಇಲ್ಲಿ ಯಾರೂ ಬಂಡವಾಳ ಹಾಕುತ್ತಿರಲಿಲ್ಲ. ಈ ಮಾತು ನಿಜವಾಗಿದ್ದರೆ ಯಾರಿಗೂ ನಷ್ಟವಿಲ್ಲ. ಆದರೆ ಆ 6 ಮಿಲಿಯನ್‌ನಲ್ಲಿ ಎರಡೂವರೆ ಮಿಲಿಯನ್ ಏನೂ ಮಾಡದಿದ್ದರೂ, ಸುಮ್ನೆ ಬೆಲೆ ಏರಿಕೆಯಿಂದಲೇ ಬರುತ್ತಿತ್ತು ಅನ್ನಿ. ಆಗ ಅಷ್ಟು ಬೆಲೆಯ ಮೇಲಿನ ತೆರಿಗೆ ಶಾಲೆಗಳಿಗೆ ಸೇರಬೇಕಿತ್ತು, ಅಲ್ವಾ? ಶಾಲೆಗಳ ಖರ್ಚಂತೂ ನಿಲ್ಲುವುದಿಲ್ಲ. ಕೊರತೆ ತುಂಬಲು ತೆರಿಗೆಯ ದರ ಏರಿದರೆ ಅದು ಗಡಿಯ ಹೊರಗಿರುವ ನಮ್ಮ ಮನೆಗಳ ಬಿಲ್ಲಿಗೂ ಬರುತ್ತದೆ. ಟಿಫ್ ಹುಟ್ಟಿಸಿದ ಕ್ಯಾಲಿಫೋರ್ನಿಯಾವೇ 2012ರಲ್ಲಿ ಅದನ್ನು ನಡೆಸುತ್ತಿದ್ದ ಪುನರಭಿವೃದ್ಧಿ ಸಂಸ್ಥೆಗಳನ್ನು ಮುಚ್ಚಿತು. ಶಾಲೆಗಳಿಗೆ ಸೇರಬೇಕಾದ ದುಡ್ಡಿನ ಜಗಳ ಅಲ್ಲೂ ದೊಡ್ಡದಿತ್ತು.

ಹಾಗಂತ ಟಿಫ್ ಬೇಡವೇ ಬೇಡ ಎನ್ನಲು ನನಗೆ ಮನಸ್ಸಿಲ್ಲ. ಮಳೆ ಬಂದರೆ ನೀರು ನಿಲ್ಲುವ, ನಡೆಯಲು ಜಾಗವಿಲ್ಲದ, ಬಸ್ಸಿಗೆ ಕಾಯಲು ನೆರಳಿಲ್ಲದ ರಸ್ತೆ ತನ್ನಷ್ಟಕ್ಕೆ ಸರಿಹೋಗುವುದಿಲ್ಲ. ಚರಂಡಿ ಹಾಕಿಸುವುದು ಯಾವ ಅಂಗಡಿಯವನ ಕೈಲೂ ಆಗದ ಕೆಲಸ.

ನನ್ನನ್ನು ಕಾಡುವುದು ಬೇರೆ ವಿಷಯ. ಸ್ಟ್ರಿಪ್ ಮಾಲಿನ ಅಂಗಡಿಯವರು ಬಹುತೇಕ ಬಾಡಿಗೆದಾರರು. ಲೀಸು ಹೆಚ್ಚಾಗಿ ಟ್ರಿಪಲ್ ನೆಟ್ ಆಗಿರುತ್ತದೆ. ಅಂದರೆ ಬಾಡಿಗೆಯ ಮೇಲೆ ಕಟ್ಟಡದ ತೆರಿಗೆ, ವಿಮೆ, ನಿರ್ವಹಣೆಯ ಖರ್ಚಿನ ಪಾಲೂ ಅವರದ್ದೇ. ಬೆಲೆ ಏರಿದಷ್ಟೂ ತೆರಿಗೆ ಏರುತ್ತದೆ. ಆ ಏರಿಕೆಯನ್ನು ಕಟ್ಟುವವರು ಇವರು. ಟಿಫ್ ನಿಧಿ ತುಂಬುವುದು ಇವರ ಗಲ್ಲಾಪೆಟ್ಟಿಗೆಯಿಂದಲೇ. ಲೀಸು ಮುಗಿದ ದಿನ ಹೊಸ ಬಾಡಿಗೆ ಕೇಳಿ ಖಾಲಿ ಮಾಡಬೇಕಾದವರೂ ಇವರೇ. ಹದಿನೈದು ವರ್ಷ ಆ ರಸ್ತೆಯಲ್ಲಿ ದೀಪ ಆರದಂತೆ ನೋಡಿಕೊಂಡವರಿಗೆ ಇದು ನ್ಯಾಯವಲ್ಲ.

ಇದಕ್ಕೆ ದಾರಿ ಇದೆ. ಶಿಕಾಗೋ ನಗರ ಟಿಫ್ ದುಡ್ಡಿನಲ್ಲೇ ಸಣ್ಣ ವ್ಯಾಪಾರಿಗಳಿಗಾಗಿ ಒಂದು ನಿಧಿ ನಡೆಸುತ್ತದೆ. ಕಟ್ಟಡದ ಮಾಲೀಕರಂತೆ ಬಾಡಿಗೆದಾರರೂ ಅರ್ಜಿ ಹಾಕಬಹುದು. ಚಾವಣಿ, ಅಂಗಡಿ ಮುಂಭಾಗ, ಹೀಟಿಂಗ್ ರಿಪೇರಿಯ ಖರ್ಚಿನಲ್ಲಿ ಒಂದು ಭಾಗ ವಾಪಸು ಸಿಗುತ್ತದೆ. ಮೊದಲು ಕೈಯಿಂದ ಹಾಕಬೇಕು, ಆಮೇಲೆ ಬರುತ್ತದೆ. ಕೈಯಲ್ಲಿ ದುಡ್ಡಿಲ್ಲದವರಿಗೆ ಇದು ಕಷ್ಟವೇ. ಆದರೂ ಇಂಥ ಏರ್ಪಾಡು ನಮ್ಮ ಊರುಗಳ ಯೋಜನೆಯಲ್ಲೂ ಇರಬೇಕು ಅನ್ನುತ್ತೇನೆ. ಅದನ್ನು ಕೇಳಬೇಕಾದದ್ದು ಗಡಿ ಹಾಕುವ ಮೊದಲು. ಯೋಜನೆ ಪಾಸಾದ ಮೇಲೆ ಬದಲಾವಣೆ ಮಾಡಿಸುವುದು ಬಹಳ ಕಷ್ಟ.

ಕೇಳಲು ಕಾನೂನೇ ಜಾಗ ಇಟ್ಟಿದೆ. ಟಿಫ್ ತರುವ ಮುಂಚೆ ಸಾರ್ವಜನಿಕ ಸಭೆ ನಡೆಯಲೇಬೇಕು. ಶಾಲೆ, ಪಾರ್ಕು ಮುಂತಾದ, ತೆರಿಗೆಯಲ್ಲಿ ಪಾಲಿರುವ ಸಂಸ್ಥೆಗಳ ಪ್ರತಿನಿಧಿಗಳು ಕೂತು ಯೋಜನೆಯನ್ನು ಪರಿಶೀಲಿಸಬೇಕು. ಆದರೆ ಸಭೆಯ ನೋಟಿಸು ಸರ್ಟಿಫೈಡ್ ಅಂಚೆಯಲ್ಲಿ ಹೋಗುವುದು ಹಿಂದಿನ ವರ್ಷದ ತೆರಿಗೆ ಯಾರ ಹೆಸರಿನಲ್ಲಿ ಕಟ್ಟಿದೆಯೋ ಅವರಿಗೆ. ಅಂದರೆ ಸಾಮಾನ್ಯವಾಗಿ ಕಟ್ಟಡದ ಮಾಲೀಕರಿಗೆ. ಕೌಂಟರಿನ ಹಿಂದೆ ನಿಂತವರಿಗೆ ಆ ಪತ್ರ ಬರುವುದಿಲ್ಲ. ಪತ್ರಿಕೆಯ ಪ್ರಕಟಣೆಯನ್ನು ಓದಲು ಅವರಿಗೆ ಪುರುಸೊತ್ತೂ ಇರುವುದಿಲ್ಲ.

ಟಿಫ್ ವಿಷಯ ತಮಗೂ ತಿಳಿಸಲಿ ಎಂದು ಆಸಕ್ತರು ಹೆಸರು ಬರೆಸುವ ಒಂದು ಪಟ್ಟಿಯೂ ಊರಿನ ಕಚೇರಿಯಲ್ಲಿ ಇರುತ್ತದೆ. ನಿವಾಸಿಗಳು ಬರೆಸಬಹುದು, ಊರಿನಲ್ಲಿ ಕೆಲಸ ಮಾಡುವ ಸಂಘಗಳೂ ಬರೆಸಬಹುದು. ನಮ್ಮ ಸಂಘದ ಹೆಸರನ್ನೂ ಬರೆಸೋಣ ಎಂದು ಸಮಿತಿಯನ್ನು ಈ ಮೂಲಕ ಕೇಳುತ್ತಿದ್ದೇನೆ. ಅದಾಗುವವರೆಗೆ, ಆ ರಸ್ತೆಯ ಅಂಗಡಿಗೆ ಹೋದಾಗ ಎರಡು ನಿಮಿಷ ನಿಂತು ಮಾತಾಡಿಸಿ. ಲೀಸು ಯಾವಾಗ ಮುಗಿಯುತ್ತದೆ? ತೆರಿಗೆಯ ಪಾಲು ಅವರೇ ಕಟ್ಟುತ್ತಾರಾ? ಸಭೆ ಇದ್ದರೆ ಅದರ ದಿನ ಅವರಿಗೆ ಗೊತ್ತಾ?