ಮುಳುಗಿದ ಕಣಿವೆಯ ಗುಡ್ಡ, ಹಳ್ಳಗಳ ಹೆಸರು ಬರೆಸಿ: ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ,

ನಮಸ್ಕಾರಗಳು. ಸಾಗರ, ಹೊಸನಗರ ಸೀಮೆಯ ಗ್ರಾಮ ನಕ್ಷೆಗಳಲ್ಲಿ ಸರ್ವೆ ನಂಬರು, ಗಡಿಕಲ್ಲು ಎಲ್ಲ ಸಿಗುತ್ತವೆ. ಹಳ್ಳದ ಗೆರೆಯ ಮೇಲೆ ಮಾತ್ರ ಎಷ್ಟೋ ಕಡೆ ಬರೀ ‘ಹಳ್ಳ’ ಎಂದಿದೆ. ಹಳೆಯ ಕ್ರಯಪತ್ರಗಳ ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ ವಿವರ, ನಿಂತಿರುವುದೇ ‘ಮೂಡಲಿಗೆ ಇಂಥ ಹಳ್ಳ, ಪಡುವಲಿಗೆ ಇಂಥ ಗುಡ್ಡ’ ಎಂಬ ಮಾತಿನ ಮೇಲೆ. ಹೆಸರು ಬಲ್ಲವರು ಹೋದರೆ ಆ ಪತ್ರ ಓದಿಯೂ ಪ್ರಯೋಜನವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕಿನ ಕಾಡಿನ ಗಡಿ ತೋರಿಸಲೂ ಇವೇ ಗುರುತುಗಳು ಬೇಕು.

ಶರಾವತಿ ಕಣಿವೆಯ ಊರುಗಳನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ಊರುಗಳಲ್ಲಿ ಆಗ ಇಪ್ಪತ್ತರ ಪ್ರಾಯದಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ. ಅವರಲ್ಲಿ ಬಹಳ ಮಂದಿ ಇರುವುದು ಹಿನ್ನೀರಿನ ದಂಡೆಯಲ್ಲಲ್ಲ, ಶಿವಮೊಗ್ಗದ ಕಡೆಯ ಪುನರ್ವಸತಿ ಊರುಗಳಲ್ಲಿ. ಹಾಗಾಗಿ ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಹೋಗಿ ವಿಚಾರಿಸಿದರೆ ಸಾಲದು. ಅಣೆಕಟ್ಟಿಗೆ ಮೊದಲಿನ, ಒಂದು ಮೈಲಿಗೆ ಒಂದು ಇಂಚು ಅಳತೆಯ ಸರ್ವೆ ಆಫ್ ಇಂಡಿಯಾ ನಕ್ಷೆಯ ಹಾಳೆಯನ್ನು ದೊಡ್ಡದು ಮಾಡಿ ಆ ಊರುಗಳಿಗೇ ಒಯ್ಯಬೇಕು.

ನಕ್ಷೆಗೆ ಬೆರಳಿಟ್ಟು ‘ಇದರ ಹೆಸರೇನು?’ ಎಂದರೆ ಉತ್ತರ ಬರುವುದಿಲ್ಲ, ಬಂದರೂ ತಪ್ಪಿರುತ್ತದೆ. ನಡೆದ ದಾರಿ ಕೇಳಬೇಕು: ‘ಮನೆಯಿಂದ ಸಂತೆಗೆ ಹೊರಟರೆ ಮೊದಲು ಯಾವ ಹಳ್ಳ ದಾಟುತ್ತಿದ್ದಿರಿ? ಸೊಪ್ಪಿಗೆ ಯಾವ ಬೆಟ್ಟ?’ ದೇವಸ್ಥಾನ, ಕೆರೆ, ದೋಣಿ ಕಡವು ಮೊದಲು ಗುರುತಾದರೆ ಉಳಿದವು ಅವುಗಳ ಬೆನ್ನಿಗೆ ಬರುತ್ತವೆ.

ಒಂದೇ ಹಳ್ಳಕ್ಕೆ ಮೇಲೊಂದು ಹೆಸರು, ಕೆಳಗೊಂದು ಹೆಸರು ಇರುವುದು ಮಲೆನಾಡಿನಲ್ಲಿ ಮಾಮೂಲು. ಒಂದು ಚುಕ್ಕಿ ಇಟ್ಟು ಹೆಸರು ಬರೆದರೆ ಇನ್ನೊಂದು ಅಳಿದಂತೆಯೇ. ಪ್ರತಿ ಹೆಸರೂ ಎಲ್ಲಿಂದ ಎಲ್ಲಿಯವರೆಗೆ ಎಂದು ದಾಖಲಾಗಬೇಕು. ಗುಡ್ಡವಾದರೆ ಎರಡೂ ಮಗ್ಗುಲಿನ ಊರವರನ್ನು ಬೇರೆಬೇರೆಯಾಗಿ ಕೇಳಬೇಕು. ಎರಡು ಹೆಸರು ಬಂದರೆ ಎರಡನ್ನೂ ಉಳಿಸಿ. ಒಂದನ್ನು ಆರಿಸುವ ಅಧಿಕಾರ ಕಚೇರಿಗೆ ಬೇಡ.

ಬರೆಯುವುದು ಕನ್ನಡದಲ್ಲೇ ಆಗಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟರೆ ಬಳೆ, ಬಾಳೆ, ಬಲೆ ಮೂರೂ ಒಂದೇ ಆಗಿ, ಮುಂದೆ ಯಾರೋ ಊಹಿಸಿ ತಿದ್ದುತ್ತಾರೆ. ಹೇಳಿದವರ ಬಾಯಿಂದ ಎರಡು ಸಲ ಹೇಳಿಸಿ ಧ್ವನಿಮುದ್ರಿಸಿ. ಆಡುನುಡಿಯ ರೂಪವೇ ಮೂಲ ದಾಖಲೆ. ಗ್ರಂಥಸ್ಥ ರೂಪ ಬೇಕಿದ್ದರೆ ಪಕ್ಕದ ಕಾಲಮ್ಮಿನಲ್ಲಿರಲಿ.

ನೀರಿನ ಮೇಲೆ ಉಳಿದ ಗುಡ್ಡಗಳಿಗೆ ಬೇಸಿಗೆಯಲ್ಲಿ, ಹಿನ್ನೀರು ಇಳಿದಾಗ ಹೋಗುವುದು ಸುಲಭ. ಮರದಡಿ ಮೊಬೈಲ್ ಜಿಪಿಎಸ್ ತಪ್ಪು ತೋರಿಸುತ್ತದೆ. ಬಯಲಿಗೆ ಬಂದು, ಅಂಕಿ ಸ್ಥಿರವಾಗುವವರೆಗೆ ಕಾದು, ದಶಮಾಂಶದ ಐದು ಸ್ಥಾನದವರೆಗೆ ಬರೆದುಕೊಳ್ಳಬೇಕು. ಹಳೆಯ ಹಾಳೆಗಳ ಅಕ್ಷಾಂಶ, ರೇಖಾಂಶ ಭೂಮಿಯ ಆಕಾರದ ‘ಎವರೆಸ್ಟ್’ ಎಂಬ ಹಳೆಯ ಲೆಕ್ಕದವು, ಮೊಬೈಲಿನದು ಜಿಪಿಎಸ್ ಬಳಸುವ ‘ಡಬ್ಲ್ಯುಜಿಎಸ್ 84’ ಎಂಬ ಬೇರೆ ಲೆಕ್ಕ. ಪರಿವರ್ತಿಸದೆ ಕೂಡಿಸಿದರೆ ಹಳ್ಳ ಪಕ್ಕದ ಗದ್ದೆಗೆ ಸರಿಯುತ್ತದೆ.

ಡ್ರೋನ್ ಸರ್ವೆಯಲ್ಲಿ ಗಡಿ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಆದ್ದರಿಂದ ಮರುಸರ್ವೆಯ ನಮೂನೆಗೆ ಇಷ್ಟನ್ನು ಸೇರಿಸಿ: ಹೆಸರು, ಎಲ್ಲಿಂದ ಎಲ್ಲಿಗೆ, ಹೇಳಿದವರ ಊರು ಮತ್ತು ವಯಸ್ಸು, ಧ್ವನಿ ಕಡತ. ದೇವರಕಾಡಿನೊಳಗಿನ ಜಾಗ ತೋರಿಸುವುದು ಬೇಡವೆಂದು ಊರವರು ಹೇಳಿದರೆ ಅದನ್ನು ಸಾರ್ವಜನಿಕ ನಕ್ಷೆಯಿಂದ ಬಿಡಿ. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ತಿದ್ದುಪಡಿಯಾದ ಮೇಲೆ ಸರ್ವೆ ನಂಬರು ತೋರಿಸುವ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಎಲ್ಲರಿಗೂ ಕಾಣುವಂತೆ ಮಾಡಿ. ಮೊದಲ ಆದೇಶ ಪುನರ್ವಸತಿ ಊರುಗಳಿಗೆ, ಈ ಬೇಸಿಗೆಗೇ ಹೊರಡಲಿ.

ಇತಿ,
ಶರಾವತಿ ಕಣಿವೆಯ ಸ್ಥಳನಾಮಗಳನ್ನು ಸಂಗ್ರಹಿಸುತ್ತಿರುವವರು